ಹೊಸ್ತಿಲ ಹೊರಗಿನ ಪದವಿ

ನಮ್ಮ ಶಾಲೆಯಲ್ಲಿ ‘ಸ್ಪೆಷಲ್ ಕ್ಲಾಸ್’ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಗಣಿತದಲ್ಲೋ ಇಂಗ್ಲಿಷಿನಲ್ಲೋ ಹಿಂದೆ ಬಿದ್ದ ಮಕ್ಕಳನ್ನು ಸಂಜೆ ಒಂದು ಗಂಟೆ ಉಳಿಸಿಕೊಂಡು ಮತ್ತೆ ಮೊದಲಿನಿಂದ ಹೇಳಿಕೊಡುವುದು. ಬಿ.ಎಡ್. ಪುಸ್ತಕಗಳಲ್ಲಿ ಇದಕ್ಕೆ ‘ಪರಿಹಾರ ಬೋಧನೆ’ ಎಂಬ ಗಂಭೀರವಾದ ಹೆಸರಿದೆ. ಇದಕ್ಕಾಗಿ ನಾವು ಮಕ್ಕಳಿಂದ ಒಂದು ಪೈಸೆ ತೆಗೆದುಕೊಂಡವರಲ್ಲ; ನಮಗೂ ಜವಾನ ತಂದುಕೊಡುವ ಅರ್ಧ ಲೋಟ ಕಾಫಿ ಬಿಟ್ಟರೆ ಬೇರೇನೂ ಸಿಕ್ಕಿದ್ದಿಲ್ಲ. ಮಗು ಹಿಂದೆ ಬಿದ್ದರೆ ಅದನ್ನು ಮುಂದೆ ತರುವುದು ಕಲಿಸುವವರ ಕೆಲಸ ಎಂದು ಇಪ್ಪತ್ತೆಂಟು ವರ್ಷಗಳಿಂದ ನಂಬಿಕೊಂಡು ಬಂದವಳು ನಾನು. ಹಾಗಾಗಿ ಅಮೆರಿಕದಲ್ಲಿ ‘ಸ್ಪೆಷಲ್ ಮಾಸ್ಟರ್ಸ್’ ಎಂಬುದೊಂದಿದೆ, ಒಂದು ವರ್ಷದ ಆ ಓದಿಗೆ ನಮ್ಮ ಲೆಕ್ಕದಲ್ಲಿ ಮೂವತ್ತು ನಲವತ್ತು ಲಕ್ಷ ರೂಪಾಯಿ ಎಂದು ತಿಳಿದಾಗ ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಮೆರಿಕದ ಕಾಲೇಜಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಾಸನದ ನಮ್ಮ ಬೀದಿಯೊಂದರಲ್ಲೇ ನಾಲ್ಕು ಮನೆಗಳ ಮಕ್ಕಳು ಅಲ್ಲಿದ್ದಾರೆ. ಅವರ ಮಕ್ಕಳು ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಅಲ್ಲಿಯ ಶುಲ್ಕ ಕಟ್ಟಲು ಇಲ್ಲಿಯ ತೋಟ, ಸೈಟು ಮಾರಾಟಕ್ಕೆ ಬರುವ ಕಾಲ ಬಂದಿದೆ. ನಮ್ಮ ಮನೆಗೇ ಬಂತು.

ಅಲ್ಲಿ ಡಾಕ್ಟರಾಗುವ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ಹದಿನೆಂಟಕ್ಕೆ ಎಂಬಿಬಿಎಸ್ ಸೇರುತ್ತಾರೆ. ಅಲ್ಲಿ ಹಾಗಲ್ಲ. ಶಾಲೆ ಮುಗಿದ ಮೇಲೆ ನಾಲ್ಕು ವರ್ಷದ ಡಿಗ್ರಿ. ಆ ಡಿಗ್ರಿಯ ಅಂಕಗಳನ್ನು ನಾಲ್ಕರ ಮಾಪನದಲ್ಲಿ ಜಿಪಿಎ ಎಂದು ಲೆಕ್ಕ ಹಾಕುತ್ತಾರೆ. ಜೊತೆಗೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಅದರ ಅಂಕ 472ರಿಂದ ಶುರುವಾಗಿ 528ಕ್ಕೆ ಮುಗಿಯುತ್ತದೆ. (ಸೊನ್ನೆಯಿಂದ ಶುರು ಮಾಡಿದರೆ ಏನಾಗುತ್ತಿತ್ತೋ ನನಗಂತೂ ಅರ್ಥವಾಗಿಲ್ಲ.) ಇವೆರಡೂ ಚೆನ್ನಾಗಿದ್ದು, ಆಸ್ಪತ್ರೆಯಲ್ಲಿ ಸೇವೆ ಮಾಡಿ, ಸಂದರ್ಶನದಲ್ಲಿ ಗೆದ್ದರೆ ನಾಲ್ಕು ವರ್ಷದ ಎಂ.ಡಿ. ನಮ್ಮ ಎಂಬಿಬಿಎಸ್ ಸ್ಥಾನದಲ್ಲಿರುವ ಪದವಿ ಅದು. 2023ರಲ್ಲಿ ಅಲ್ಲಿಯ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕಿದವರು ಸುಮಾರು 52,500 ಮಂದಿ. ಸೀಟು ಸಿಕ್ಕಿ ಸೇರಿದವರು ಸುಮಾರು 23,000. ಸೇರಿದವರ ಸರಾಸರಿ ಜಿಪಿಎ 3.77ರ ಆಸುಪಾಸು, ಎಂಕ್ಯಾಟ್ 511ರ ಮೇಲೆ.

ಹೊರಗೆ ಉಳಿದ ಇಪ್ಪತ್ತೊಂಬತ್ತು ಸಾವಿರ ಮಕ್ಕಳಿದ್ದಾರಲ್ಲ, ಅವರೇ ಈ ಸ್ಪೆಷಲ್ ಮಾಸ್ಟರ್ಸಿನ ಗಿರಾಕಿಗಳು. ‘ಬಯೋಮೆಡಿಕಲ್ ಸೈನ್ಸಸ್’ ಎಂದೋ ‘ಮೆಡಿಕಲ್ ಸೈನ್ಸಸ್’ ಎಂದೋ ಬೋರ್ಡಿರುತ್ತದೆ. ಒಂದು ವರ್ಷ, ಕೆಲವು ಕಡೆ ಎರಡು. ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಹಿಸ್ಟಾಲಜಿ, ಫಾರ್ಮಕಾಲಜಿ ಎಂದು ಮೆಡಿಕಲ್ ಮೊದಲ ವರ್ಷದ ಪಾಠಗಳನ್ನೇ ಓದಿಸುತ್ತಾರೆ. ಜಾರ್ಜ್‌ಟೌನ್, ಬಾಸ್ಟನ್ ಮುಂತಾದ ಹೆಸರುವಾಸಿ ವಿಶ್ವವಿದ್ಯಾಲಯಗಳಲ್ಲೇ ಇಂಥ ಕೋರ್ಸುಗಳು ದಶಕಗಳಿಂದ ಇವೆ. ಈಗ ಸಣ್ಣಪುಟ್ಟ ಕಾಲೇಜುಗಳೂ ತೆರೆದಿವೆ. ‘ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ಕೂತು ಕೇಳುವ ಪಾಠವನ್ನೇ ನೀನೂ ಕೇಳು, ಅವರು ಬರೆಯುವ ಪರೀಕ್ಷೆಯನ್ನೇ ನೀನೂ ಬರೆ, ಅವರಿಗಿಂತ ಹೆಚ್ಚು ಅಂಕ ತೆಗೆದು ತೋರಿಸು’ ಎಂಬುದು ಇವುಗಳಲ್ಲಿ ಪ್ರಸಿದ್ಧವಾದವುಗಳ ಪದ್ಧತಿ. ತೋರಿಸಿದರೆ ಸೀಟು ಕೊಡುತ್ತಾರೆಯೇ? ಕೆಲವರು ಸಂದರ್ಶನಕ್ಕೆ ಕರೆಯುವ ಭರವಸೆ ಕೊಡುತ್ತಾರೆ. ಸೀಟಿನ ಭರವಸೆ ಕೊಡುವವರು ಬಲು ಅಪರೂಪ.

ನನ್ನ ತಂಗಿಯ ಮಗಳಿಗೆ ಆದದ್ದು ಕೇಳಿ. 2023ರಲ್ಲಿ ಬಯಾಲಜಿಯಲ್ಲಿ ಡಿಗ್ರಿ ಮುಗಿಸಿದಳು. ಮೊದಲ ಎರಡು ವರ್ಷ ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸುಗಳಲ್ಲಿ ಎಡವಿದ್ದಳು. ಆಮೇಲೆ ಸುಧಾರಿಸಿಕೊಂಡರೂ ಒಟ್ಟು ಜಿಪಿಎ 3.3ರಲ್ಲಿ ನಿಂತಿತು. ಹದಿನೆಂಟು ಕಾಲೇಜುಗಳಿಗೆ ಅರ್ಜಿ ಹಾಕಿದಳು, ಹದಿನೆಂಟೂ ಬೇಡವೆಂದವು. ಹಾಗೆ ಬೇಡವೆಂದ ಕಾಲೇಜುಗಳಲ್ಲಿ ಒಂದು, ಮೂರೇ ವಾರದಲ್ಲಿ ಇನ್ನೊಂದು ಪತ್ರ ಬರೆಯಿತು. ‘ನಿಮ್ಮ ಉತ್ಸಾಹ ನಮಗೆ ಮೆಚ್ಚುಗೆಯಾಗಿದೆ, ನಮ್ಮ ಮಾಸ್ಟರ್ಸ್ ಕೋರ್ಸನ್ನು ಪರಿಗಣಿಸಿ, ಬೋಧನಾ ಶುಲ್ಕ 48 ಸಾವಿರ ಡಾಲರ್.’ ನಾನು ಆಗ ಬೇಸಿಗೆ ರಜೆಗೆಂದು ಅವರ ಮನೆಯಲ್ಲೇ ಇದ್ದೆ. ಪತ್ರ ಓದಿ ನನಗೆ ನೆನಪಾದದ್ದು ಹೆಣ್ಣು ನೋಡುವ ಶಾಸ್ತ್ರ. ನೋಡಿ ಹೋದವರು, ‘ಹುಡುಗಿ ನಮಗೆ ಒಪ್ಪಿಗೆಯಿಲ್ಲ, ಆದರೆ ಒಂದು ವರ್ಷ ನಮ್ಮ ಮನೆಯಲ್ಲಿದ್ದು ಅಡಿಗೆ ಮಾಡಿ ತೋರಿಸಲಿ, ಅಕ್ಕಿ ಬೇಳೆ ನಿಮ್ಮದೇ, ಇರುವುದಕ್ಕೆ ಬಾಡಿಗೆಯೂ ನಿಮ್ಮದೇ, ರುಚಿ ನೋಡಿ ಆಮೇಲೆ ಹೇಳುತ್ತೇವೆ’ ಎಂದರೆ ನಾವು ಏನು ಮಾಡುತ್ತೇವೆ? ಪೊರಕೆ ಹುಡುಕುತ್ತೇವೆ. ನನ್ನ ತಂಗಿ ಮಾತ್ರ ಸೈಟಿನ ಪತ್ರ ಹುಡುಕಿದಳು.

ಸೈಟು ಎಂದರೆ ನಮ್ಮ ತಂದೆ ನಮ್ಮಿಬ್ಬರ ಹೆಸರಿಗೆ ಬಿಟ್ಟುಹೋದ ಮೂವತ್ತು-ನಲವತ್ತರ ಸೈಟು. ತಂಗಿಯ ಗಂಡನಿಗೆ ಆ ವರ್ಷದ ಜನವರಿಯಲ್ಲಿ ಕಂಪ್ಯೂಟರ್ ಕಂಪನಿಯ ಕೆಲಸ ಹೋಗಿತ್ತು. “ಅಕ್ಕಾ, ಒಂದು ಸಹಿ ಹಾಕಿಬಿಡು, ಮಿಕ್ಕಿದ್ದಕ್ಕೆ ಸಾಲ ಆಗುತ್ತೆ” ಎಂದಳು. “ಮೊದಲು ಆ ಕೋರ್ಸಿನಲ್ಲಿ ಏನಿದೆ ನೋಡೋಣ ತಾಳು” ಎಂದೆ. ಸಮಾಜ ವಿಜ್ಞಾನ ಹೇಳುವವಳು ಬಯೋಕೆಮಿಸ್ಟ್ರಿಯಲ್ಲಿ ಏನು ನೋಡುತ್ತಾಳೆ ಎಂದು ಅವಳ ಮುಖದಲ್ಲಿ ಬರೆದಿತ್ತು. ಆದರೆ ನಾನು ನೋಡಹೊರಟದ್ದು ಲೆಕ್ಕವನ್ನು. ಆ ಒಂದೂವರೆ ತಿಂಗಳು ಅಳಿಯ ಮಾವಂದಿರ ತಿರುಗಾಟಕ್ಕೆಲ್ಲ ಬಾರದೆ, ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದ ಪತ್ರ ಓದಿದೆ.

ಮೊದಲು ತಿಳಿದದ್ದು ಇದು. ಅರ್ಜಿ ಸ್ವೀಕರಿಸುವ ಅಲ್ಲಿಯ ಕೇಂದ್ರ ವ್ಯವಸ್ಥೆ ಡಿಗ್ರಿಯ ಜಿಪಿಎಯನ್ನೂ ಮಾಸ್ಟರ್ಸ್ ಜಿಪಿಎಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತದೆ. ಮಾಸ್ಟರ್ಸಿನಲ್ಲಿ ನಾಲ್ಕಕ್ಕೆ ನಾಲ್ಕು ತೆಗೆದರೂ ಆ 3.3 ಒಂದು ಕೂದಲಷ್ಟೂ ಮೇಲೇಳುವುದಿಲ್ಲ! ಅದೇ ಹುಡುಗಿ ಮನೆಯ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಟ್ಟದ್ದೇ ನಾಲ್ಕು ವಿಷಯ ಹೆಚ್ಚುವರಿಯಾಗಿ ಓದಿದರೆ ಆ ಅಂಕ ಹಳೆಯ ಸಾಲಿಗೇ ಸೇರಿ ಸ್ವಲ್ಪವಾದರೂ ಏರುತ್ತದೆ. ಖರ್ಚು ಕಾಲು ಪಾಲೂ ಇಲ್ಲ. ಆ ಪತ್ರದಲ್ಲಿ ಈ ಮಾತನ್ನು ಯಾರೂ ಬರೆದಿರಲಿಲ್ಲ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಮೂರು ಪರೀಕ್ಷೆ ಬಂತು. ಮಗು ಮೂರರಲ್ಲಿ ಯಾವುದರಲ್ಲಿ ಹೆಚ್ಚು ತೆಗೆಯುತ್ತದೋ ಅದನ್ನು ಇಟ್ಟುಕೊಳ್ಳಬಹುದಿತ್ತು. ನಾವು ಶಿಕ್ಷಕರೇ ಅದನ್ನು ಬೈದುಕೊಂಡೆವು, ಇರಲಿ. ಅಲ್ಲಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಿದ್ದ ‘ಸಿ’ ಎಷ್ಟು ಸಲ ಮತ್ತೆ ಓದಿ ಪಾಸಾದರೂ ಲೆಕ್ಕದಿಂದ ಹೋಗುವುದಿಲ್ಲ.

ಎರಡನೆಯದು ಕಾಲದ ಲೆಕ್ಕ. ಒಂದು ವರ್ಷದ ಕೋರ್ಸು ಎನ್ನುತ್ತಾರೆ. ಅದು ಶುರುವಾಗುವುದು ಆಗಸ್ಟಿನಲ್ಲಿ. ಮುಂದಿನ ವರ್ಷದ ಮೆಡಿಕಲ್ ಪ್ರವೇಶದ ಅರ್ಜಿ ಹಾಕುವುದು ಅದಕ್ಕೂ ಮೊದಲು, ಮೇ-ಜೂನಿನಲ್ಲಿ. ಅಂದರೆ ಅರ್ಜಿ ಹಾಕುವಾಗ ಮಾಸ್ಟರ್ಸಿನ ಒಂದು ಅಂಕವೂ ಕೈಯಲ್ಲಿರುವುದಿಲ್ಲ. ಅಂಕ ಬಂದ ಮೇಲೆ ಹಾಕೋಣವೆಂದರೆ ಕೋರ್ಸು ಮುಗಿದ ಮೇಲೆ ಒಂದು ವರ್ಷ ಸುಮ್ಮನೆ ಕಾಯಬೇಕು. ಒಂದು ವರ್ಷ ಎಂದದ್ದು ಎರಡು ವರ್ಷವಾಯಿತು, ಎರಡನೆಯ ವರ್ಷಕ್ಕೆ ಬಡ್ಡಿ ಬೆಳೆಯಿತು.

ಇನ್ನು ಪಾಠ. ಸೀಟು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಈಗಾಗಲೇ ಓದಿ ಪಾಸಾದ ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ಮೆಡಿಕಲ್ ಮೊದಲ ವರ್ಷದಲ್ಲಿ ವಿನಾಯಿತಿ ಇದೆಯೇ? ಸಾಮಾನ್ಯವಾಗಿ ಇಲ್ಲ. ಮತ್ತೆ ಅದೇ ಪಾಠ ಕೇಳಬೇಕು, ಮತ್ತೆ ಅದಕ್ಕೇ ಶುಲ್ಕ ಕಟ್ಟಬೇಕು. ಆಹಾರದಿಂದ ದೇಹಕ್ಕೆ ಶಕ್ತಿ ಹೇಗೆ ಸಿಗುತ್ತದೆ ಎಂದು ತೋರಿಸುವ ಒಂದು ಚಕ್ರವಿದೆ, ಕ್ರೆಬ್ಸ್ ಚಕ್ರ ಎಂದು. ಹ್ಯಾನ್ಸ್ ಕ್ರೆಬ್ಸ್ ಎಂಬ ವಿಜ್ಞಾನಿ 1937ರಲ್ಲಿ ಕಂಡುಹಿಡಿದದ್ದು. “ದೊಡ್ಡಮ್ಮಾ, ಇದನ್ನ ಡಿಗ್ರೀಲಿ ಓದಿದೀನಿ, ಮಾಸ್ಟರ್ಸಲ್ಲಿ ಓದಬೇಕು, ಮೆಡಿಕಲ್ಲಲ್ಲಿ ಮತ್ತೆ ಓದಬೇಕು” ಎಂದಳು ಹುಡುಗಿ. ಒಂದೇ ಚಕ್ರಕ್ಕೆ ಮೂರು ಸಲ ಸುಂಕ. ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಈಗ ಅಲ್ಲಿಯ ಬಹುಪಾಲು ಮೆಡಿಕಲ್ ಕಾಲೇಜುಗಳಲ್ಲಿ ಮೊದಲ ವರ್ಷಗಳಿಗೆ ದರ್ಜೆಯೇ ಇಲ್ಲ, ಪಾಸು ಅಥವಾ ಫೇಲು, ಅಷ್ಟೆ. ಮಕ್ಕಳ ಮನಸ್ಸಿನ ಮೇಲೆ ಒತ್ತಡ ಬೀಳಬಾರದೆಂದು. 2022ರ ಜನವರಿಯಿಂದ ವೈದ್ಯರಾಗಲು ಬರೆಯಬೇಕಾದ ಮೂರು ಹಂತದ ಪರೀಕ್ಷೆಯಲ್ಲಿ ಮೊದಲನೆಯದನ್ನೂ ಪಾಸ್-ಫೇಲ್ ಮಾಡಿದರು. ಬಹಳ ಒಳ್ಳೆಯದು. ಆದರೆ ಅದೇ ಪಾಠ ಓದುವ ಮಾಸ್ಟರ್ಸಿನ ಮಕ್ಕಳಿಗೆ ಎ, ಬಿ, ಸಿ ಎಂದು ದರ್ಜೆ. ‘ಬಿ’ ಬಂದರೆ ಕನಸು ಕೈಬಿಟ್ಟ ಹಾಗೆ. ಒಳಗಿನವರಿಗೆ ಒತ್ತಡವಾಗಬಾರದು, ಹೊರಗಿನವರಿಗೆ ಆಗಬಹುದು ಎಂಬ ಈ ಕರುಣೆಗೆ ಏನೆನ್ನೋಣ?

ಏಪ್ರಿಲ್ ಕೊನೆಯ ಶನಿವಾರ ಅಲ್ಲಿಯ ಕನ್ನಡ ಕೂಟದಲ್ಲಿ ಯುಗಾದಿ ಊಟವಿತ್ತು. (ಹಬ್ಬ ಪಂಚಾಂಗ ನೋಡಿ ಬರುವುದಿಲ್ಲ ಅಲ್ಲಿ, ಹಾಲ್ ಯಾವಾಗ ಬಾಡಿಗೆಗೆ ಸಿಗುತ್ತದೋ ಆಗ ಬರುತ್ತದೆ.) ಪಕ್ಕದ ಎಲೆಯಲ್ಲಿ ಕೂತಿದ್ದ ಹಿರಿಯ ಡಾಕ್ಟರೊಬ್ಬರು ಕರ್ನಾಟಕದಲ್ಲೇ ಓದಿದವರು. ಪಿಯುಸಿ ಮುಗಿಸಿ ಹದಿನೆಂಟಕ್ಕೆ ಮೆಡಿಕಲ್ ಸೇರಿ, ಇಪ್ಪತ್ತೇಳಕ್ಕೆ ಅಮೆರಿಕಕ್ಕೆ ಬಂದು, ಅಲ್ಲಿಯ ಪರೀಕ್ಷೆ ಬರೆದು ಹೃದಯದ ಡಾಕ್ಟರಾದವರು. “ಮೇಡಂ, ನಾನು ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಜಸ್ಟ್ ಪಾಸು. ಈ ಲೆಕ್ಕದಲ್ಲಿ ಇವರು ನನ್ನನ್ನು ಗೇಟಿನೊಳಗೇ ಬಿಡುತ್ತಿರಲಿಲ್ಲ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಮೆರಿಕದ ವೈದ್ಯರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಹೊರದೇಶಗಳ ಕಾಲೇಜುಗಳಲ್ಲಿ ಓದಿ ಬಂದವರು. 2036ರ ಹೊತ್ತಿಗೆ 86 ಸಾವಿರದವರೆಗೆ ವೈದ್ಯರ ಕೊರತೆಯಾಗಬಹುದೆಂದು ಅಲ್ಲಿಯ ಮೆಡಿಕಲ್ ಕಾಲೇಜುಗಳ ಸಂಘವೇ 2024ರಲ್ಲಿ ಅಂದಾಜು ಕೊಟ್ಟಿದೆ. ಕೊರತೆಯಿದೆ ಎಂದು ನಮ್ಮೂರಿನ ಹಣದಲ್ಲಿ ಕಲಿತ ಹುಡುಗರನ್ನು ಕರೆದುಕೊಳ್ಳುವ ದೇಶ, ತನ್ನಲ್ಲೇ ಹುಟ್ಟಿ ಬೆಳೆದು ಡಿಗ್ರಿ ಮಾಡಿದ ಹುಡುಗಿಗೆ ‘ನೀನಿನ್ನೂ ತಯಾರಾಗಿಲ್ಲ’ ಎಂದು ಹೇಳಿ ತಯಾರಿಯನ್ನೂ ಮಾರುತ್ತದೆ. ಸೀಟು ಹೆಚ್ಚಿಸಲಿ. ಡಿಗ್ರಿ ಮುಗಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ತರಬೇತಿಯ ಹುದ್ದೆಗಳಿಗೆ ಸರ್ಕಾರ ಕೊಡುವ ಹಣಕ್ಕೆ 1997ರ ಕಾನೂನು ಮಿತಿ ಹಾಕಿತು. ಆ ಮಿತಿಯನ್ನು ಸಡಿಲಿಸಿದ್ದು ತೀರ ಅಲ್ಪಸ್ವಲ್ಪ. ಕೊರತೆಯ ಬೇರು ಅಲ್ಲಿದೆ. ಮಕ್ಕಳ ಜಿಪಿಎಯಲ್ಲಿ ಅಲ್ಲ.

ಈ ಕಥೆಯ ಹಿಂದೆ ಒಬ್ಬ ಮೇಷ್ಟರು ಇದ್ದಾರೆ ಎಂದು ಓದಿದಾಗ ನನಗೆ ಕುತೂಹಲವಾಯಿತು. ಏಬ್ರಹಾಂ ಫ್ಲೆಕ್ಸ್‌ನರ್. ಜಾನ್ಸ್ ಹಾಪ್ಕಿನ್ಸಿನಲ್ಲಿ ಬಿ.ಎ. ಮಾಡಿ, ಲೂಯಿವಿಲ್ ಊರಿನಲ್ಲಿ ಶಾಲೆ ನಡೆಸುತ್ತಿದ್ದವರು, ಡಾಕ್ಟರಲ್ಲ. ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಕಾಲೇಜುಗಳನ್ನು ಸ್ವತಃ ಸುತ್ತಿ ನೋಡಿ 1910ರಲ್ಲಿ ವರದಿ ಬರೆದರು. ಆಗ ಅಲ್ಲಿ ಬಹಳ ಕಾಲೇಜುಗಳು ಡಾಕ್ಟರುಗಳ ಸ್ವಂತ ಅಂಗಡಿಗಳು. ಪ್ರಯೋಗಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ಶುಲ್ಕ ಕೊಟ್ಟವನಿಗೆ ಪಾಠ, ಪಾಠ ಕೇಳಿದವನಿಗೆ ಡಿಗ್ರಿ. ಈ ವ್ಯಾಪಾರವನ್ನು ಫ್ಲೆಕ್ಸ್‌ನರ್ ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದರು. ಕೆಟ್ಟ ಕಾಲೇಜುಗಳು ಮುಚ್ಚಿದವು. ಜೊತೆಗೆ ಬೇರೆಯವೂ ಮುಚ್ಚಿದವು: ಕಪ್ಪು ಜನರಿಗಾಗಿ ಇದ್ದ ಏಳರಲ್ಲಿ ಐದು ಹೋಗಿ ಹೋವರ್ಡ್, ಮೆಹಾರಿ ಎರಡೇ ಉಳಿದವು. ಕಾಲೇಜಿನ ಓದು ಆದ ಮೇಲೆಯೇ ಮೆಡಿಕಲ್ ಎಂಬ ನಿಯಮ ಗಟ್ಟಿಯಾದದ್ದು ಆ ಕಾಲದಲ್ಲೇ. ಅದಕ್ಕೂ ಮೊದಲು, 1883ರಲ್ಲಿ, ನಮ್ಮ ಆನಂದಿಬಾಯಿ ಜೋಶಿ ಯಾವ ಡಿಗ್ರಿಯೂ ಇಲ್ಲದೆ ಹಡಗು ಹತ್ತಿ ಹೋದಾಗ ಫಿಲಡೆಲ್ಫಿಯಾದ ಮಹಿಳಾ ಮೆಡಿಕಲ್ ಕಾಲೇಜು ಸೇರಿಸಿಕೊಂಡಿತು. 1886ರಲ್ಲಿ ಆಕೆ ಎಂ.ಡಿ. ಆದಳು. ಆ ಹಳೆಯ ಕಾಲ ಮತ್ತೆ ಬರಲಿ ಎನ್ನುತ್ತಿಲ್ಲ. ನನ್ನ ಹೊಟ್ಟೆ ಕೊಯ್ಯುವವರು ಚೆನ್ನಾಗಿ ಓದಿರಲಿ ಎಂದು ನನಗೂ ಆಸೆಯೇ. ನಾನು ಹೇಳುವುದಿಷ್ಟು. ಯಾವ ಪಾಠದ ಅಂಗಡಿಯನ್ನು ಆ ಮೇಷ್ಟರು ಮುಂಬಾಗಿಲಿನಿಂದ ಹೊರಗೆ ಹಾಕಿದರೋ, ಅದು ಒಂದು ಶತಮಾನದೊಳಗೆ ದೊಡ್ಡ ದೊಡ್ಡ ಕಾಲೇಜುಗಳ ಹಿತ್ತಿಲಿನಲ್ಲಿ ಬಂದು ಕೂತಿದೆ.

ಸಾಲದ ಮಾತಿಗೆ ಬರೋಣ, ತಾಯಂದಿರು ಗಮನವಿಟ್ಟು ಓದಬೇಕಾದದ್ದು ಇದೇ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈ ಕೋರ್ಸಿನ ಶುಲ್ಕ 40 ಸಾವಿರ ಡಾಲರ್ ದಾಟುವುದು ಸಾಮಾನ್ಯ. ಡಾಲರಿಗೆ 85 ರೂಪಾಯಿ ಹಿಡಿದರೂ 34 ಲಕ್ಷ. ಊಟ, ಬಾಡಿಗೆ ಬೇರೆ. 2006ರಿಂದ ಇದಕ್ಕೆಲ್ಲ ‘ಗ್ರ್ಯಾಡ್ ಪ್ಲಸ್’ ಎಂಬ ಸರ್ಕಾರಿ ಸಾಲ ಸಿಗುತ್ತಿತ್ತು. ಕಾಲೇಜು ಎಷ್ಟು ಖರ್ಚು ಎನ್ನುತ್ತದೋ ಅಷ್ಟೂ ಸಾಲ! 2024-25ರ ಸಾಲಿನಲ್ಲಿ ಅದರ ಬಡ್ಡಿ ಶೇಕಡ 9.08. ಕೈಗೆ ಕೊಡುವಾಗಲೇ ಶೇಕಡ ನಾಲ್ಕಕ್ಕಿಂತ ಹೆಚ್ಚು ಮುರಿದುಕೊಳ್ಳುತ್ತಿದ್ದರು. ಬಡ್ಡಿ ಮೊದಲ ದಿನದಿಂದ. ನಮ್ಮ ಮೀಟರ್ ಬಡ್ಡಿಯವರ ತಮ್ಮಂದಿರು ಅನ್ನಿಸುವುದಿಲ್ಲವೇ? 2025ರ ಜುಲೈಯಲ್ಲಿ ಆದ ಕಾನೂನು, 2026ರ ಜುಲೈ 1ರಿಂದ ಹೊಸಬರಿಗೆ ಈ ಸಾಲವಿಲ್ಲ ಎಂದಿತು. ಮಾಸ್ಟರ್ಸ್ ಓದುವವರಿಗೆ ವರ್ಷಕ್ಕೆ 20,500 ಡಾಲರಿನ ಮಿತಿ. ಇದರಿಂದ ಕಾಲೇಜುಗಳು ಶುಲ್ಕ ಇಳಿಸಿದರೆ ಸಂತೋಷ. ಇಳಿಸದಿದ್ದರೆ ಮಿಕ್ಕ ಹಣಕ್ಕೆ ಖಾಸಗಿ ಬ್ಯಾಂಕು, ಬ್ಯಾಂಕಿಗೆ ಜಾಮೀನು, ಜಾಮೀನಿಗೆ ಅಪ್ಪ ಅಮ್ಮ. ಅಪ್ಪನಿಗೆ ಕೆಲಸವಿಲ್ಲದಿದ್ದರೆ ಹಾಸನದ ಸೈಟು. ಇದೆಲ್ಲ ಆದ ಮೇಲೆ ಮೆಡಿಕಲ್ ಓದಿನ ಸಾಲ ಬೇರೆ ಕಾದಿರುತ್ತದೆ. ಸಾಲ ಮಾಡಿ ಓದಿದವರ ತಲೆಯ ಮೇಲೆ ಅದು ಸುಮಾರು ಎರಡು ಲಕ್ಷ ಡಾಲರ್.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಈ ಕೋರ್ಸು ಮಾಡಿ ಡಾಕ್ಟರಾದವರು ಇದ್ದಾರೆ, ಒಳ್ಳೆಯ ಡಾಕ್ಟರುಗಳೂ ಆಗಿದ್ದಾರೆ. ಒಮ್ಮೆ ಎಡವಿದವರಿಗೆ ಎರಡನೆಯ ಅವಕಾಶ ಕೊಡುವ ಗುಣ ಆ ದೇಶಕ್ಕಿದೆ. ಇಪ್ಪತ್ತೊಂದಕ್ಕೇ ‘ನಿನ್ನ ಕೈಲಾಗಲ್ಲ’ ಎನ್ನುವ ನಮಗಿಂತ ಅದು ಮೇಲು. ನಮ್ಮಲ್ಲೂ ‘ಲಾಂಗ್ ಟರ್ಮ್’ ಎಂದು ಒಂದು ವರ್ಷ ಹಾಸ್ಟೆಲಿಗೆ ಕಟ್ಟಿಹಾಕಿ ಲಕ್ಷಗಟ್ಟಲೆ ವಸೂಲಿ ಮಾಡುವವರಿದ್ದಾರೆ, ಅವರ ಬಗ್ಗೆ ಬರೆಯಲು ಬೇರೆ ಪ್ರಬಂಧವೇ ಬೇಕು. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ. ನಮ್ಮ ಕೋಚಿಂಗಿನವರ ಕೈಯಲ್ಲಿ ಸೀಟಿಲ್ಲ. ಅಲ್ಲಿ ಸೀಟು ಕೊಡುವವರೇ, ಸೀಟಿಗೆ ತಯಾರಿ ಮಾರುವವರು. ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರೇ ಜಗುಲಿಗೆ ಬಾಡಿಗೆ ವಸೂಲಿ ಮಾಡಿದರೆ, ಬಾಗಿಲು ಬೇಗ ತೆರೆಯಬೇಕೆಂಬ ಆಸೆ ಅವರಿಗೆ ಎಲ್ಲಿಂದ ಬರಬೇಕು?

ಫಲಿತಾಂಶದ ವಿಷಯಕ್ಕೆ ಬಂದರೆ ನನ್ನನ್ನು ಯಾರೂ ಮೋಸಗೊಳಿಸಲಾರರು, ಇಪ್ಪತ್ತೆಂಟು ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ ಬರೆದಿದ್ದೇನೆ. ‘ನಮ್ಮ ವಿದ್ಯಾರ್ಥಿಗಳಲ್ಲಿ ಶೇಕಡ 85ರಷ್ಟು ಮಂದಿ ವೈದ್ಯಕೀಯ ಕ್ಷೇತ್ರಕ್ಕೆ’ ಎಂದಿತ್ತು ಆ ಕಾಲೇಜಿನ ಬಣ್ಣದ ಪುಸ್ತಕದಲ್ಲಿ. ಯಾವ ವಿದ್ಯಾರ್ಥಿಗಳಲ್ಲಿ? ಸೇರಿದವರಲ್ಲೋ, ಮುಗಿಸಿದವರಲ್ಲೋ, ಮುಗಿಸಿ ಒಳ್ಳೆಯ ಅಂಕ ಬಂದವರಲ್ಲೋ? ‘ವೈದ್ಯಕೀಯ ಕ್ಷೇತ್ರ’ ಎಂದರೆ ಎಂ.ಡಿ.ಯೋ, ಹಲ್ಲಿನ ಕಾಲೇಜೋ, ನರ್ಸಿಂಗೋ? ನಮ್ಮೂರಲ್ಲೂ ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಕಟ್ಟುವ ಶಾಲೆಗಳಿವೆ. ಒಂಬತ್ತನೇ ಕ್ಲಾಸಿನಲ್ಲೇ ಹಿಂದಿನ ಬೆಂಚಿನವರ ಕೈಗೆ ಟಿ.ಸಿ. ಕೊಟ್ಟು ಕಳಿಸಿದರೆ ನೂರಕ್ಕೆ ನೂರು ಯಾಕೆ ಬರಬಾರದು? ಆ ಟಿ.ಸಿ. ಹಿಡಿದುಕೊಂಡು ನಮ್ಮ ಶಾಲೆಗೆ ಬರುವ ಮಕ್ಕಳಿಗೇ ನಾನು ಸಂಜೆ ಸ್ಪೆಷಲ್ ಕ್ಲಾಸ್ ತೆಗೆದುಕೊಳ್ಳುವುದು.

ಹಾಗಾಗಿ ಹುಡುಗಿಯ ಕೈಯಲ್ಲಿ ಆ ಕಾಲೇಜಿಗೆ ನಾಲ್ಕು ಪ್ರಶ್ನೆ ಬರೆಸಿದೆ. ಕಳೆದ ಐದು ವರ್ಷ ಪ್ರತಿ ಆಗಸ್ಟಿನಲ್ಲಿ ಸೇರಿದವರೆಷ್ಟು? ಅವರಲ್ಲಿ ಕೋರ್ಸು ಮುಗಿಸಿದವರೆಷ್ಟು? ಎರಡು ವರ್ಷದೊಳಗೆ ಎಂ.ಡಿ. ಸೇರಿದವರೆಷ್ಟು? ನಿಮ್ಮದೇ ಕಾಲೇಜಿನಲ್ಲಿ ಸೀಟು ಕೊಟ್ಟದ್ದು ಎಷ್ಟು ಮಂದಿಗೆ? ತಂಗಿಗೆ ಇದು ಇಷ್ಟವಾಗಲಿಲ್ಲ. “ಹೀಗೆಲ್ಲ ಕೇಳಿದ್ರೆ ಅವರು ಬೇಜಾರು ಮಾಡ್ಕೊಂಡು ಇದಕ್ಕೂ ತಗೊಳ್ಳಲ್ಲ ಅಕ್ಕಾ” ಎಂದಳು. ಅರವತ್ತು ರೂಪಾಯಿಯ ಸೋನಾಮಸೂರಿ ಕೊಳ್ಳುವಾಗ ಕೈಗೆ ನಾಲ್ಕು ಕಾಳು ಹಾಕಿಕೊಂಡು ಹಲ್ಲಲ್ಲಿ ಕಡಿದು ನೋಡುವವಳು ನನ್ನ ತಂಗಿ; ಮಗಳ ವಿದ್ಯೆಯ ವಿಷಯಕ್ಕೆ ಬಂದಾಗ ಅವಳಿಗೂ ಬಾಯಿ ಬಿದ್ದುಹೋಗುತ್ತದೆ. ಇದನ್ನು ನಾನು ಪೋಷಕರ ಸಭೆಗಳಲ್ಲಿ ನೋಡುತ್ತಲೇ ಇದ್ದೇನೆ. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಜಗ್ಗುವ ತಾಯಂದಿರು ಡೊನೇಷನ್ನಿನ ರಸೀದಿ ಕೇಳಲು ಹೆದರುತ್ತಾರೆ.

ಉತ್ತರ ಹನ್ನೊಂದು ದಿನಕ್ಕೆ ಬಂತು. ಮೊದಲಿನ ಎರಡು ಪ್ರಶ್ನೆಗೆ ಸಂಖ್ಯೆಯಿರಲಿಲ್ಲ, ‘ಪ್ರತಿ ವರ್ಷವೂ ಉತ್ಸಾಹಿ ತಂಡ’ ಎಂದಿತ್ತು. ಮೂರನೆಯದಕ್ಕೆ ಅದೇ ಬಣ್ಣದ ಪುಸ್ತಕವನ್ನು ಮತ್ತೆ ಕಳಿಸಿದ್ದರು. ನಾಲ್ಕನೆಯದಕ್ಕೆ, ಆ ವಿವರವನ್ನು ಹೊರಗಿನವರಿಗೆ ಕೊಡುವ ಪದ್ಧತಿಯಿಲ್ಲ ಎಂದು ಬಹಳ ಸೌಜನ್ಯದಿಂದ ಬರೆದಿದ್ದರು. ಮುಂಗಡ ಒಂದು ಸಾವಿರ ಡಾಲರನ್ನು ಜೂನ್ ಒಂದರೊಳಗೆ ಕಟ್ಟಬೇಕೆಂದು ಕೊನೆಯಲ್ಲಿ ನೆನಪಿಸಿದ್ದರು. ನಾನು ಸಹಿ ಹಾಕಲಿಲ್ಲ.

ತಂಗಿ ಎರಡು ತಿಂಗಳು ಫೋನ್ ಮಾಡಲಿಲ್ಲ. ಆಮೇಲೆ ವರಮಹಾಲಕ್ಷ್ಮಿ ಹಬ್ಬದ ದಿನ ತಾನಾಗಿ ಮಾಡಿ, ಹುಡುಗಿ ಆಸ್ಪತ್ರೆಯೊಂದರಲ್ಲಿ ಡಾಕ್ಟರುಗಳು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದಾಳೆ, ಸಂಜೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎರಡು ವಿಷಯ ಓದುತ್ತಿದ್ದಾಳೆ, ಶುಲ್ಕವನ್ನು ಅವಳ ಸಂಬಳದಲ್ಲೇ ಕಟ್ಟುತ್ತಿದ್ದಾಳೆ ಎಂದು ಹೇಳಿದಳು. ಎಂಕ್ಯಾಟನ್ನು ಮತ್ತೊಮ್ಮೆ ಬರೆಯುತ್ತಾಳಂತೆ. ಸೀಟು ಸಿಗುತ್ತದೋ ಇಲ್ಲವೋ ಯಾರಿಗೆ ಗೊತ್ತು? ಈಚೆಗೆ ಹುಡುಗಿ ನನಗೆ ಕಾಗದವೊಂದನ್ನು ಕಳಿಸಿದ್ದಳು. ಅದೇ ಕೋರ್ಸಿಗೆ ಸೇರಬೇಕೆಂದಿರುವ ಅವಳ ಇಬ್ಬರು ಗೆಳತಿಯರ ತಾಯಂದಿರಿಗಾಗಿ ನನ್ನ ನಾಲ್ಕು ಪ್ರಶ್ನೆಗಳನ್ನು ಅಚ್ಚುಕಟ್ಟಾಗಿ ಟೈಪು ಮಾಡಿದ್ದಾಳೆ. ಐದನೆಯದನ್ನು ಅವಳೇ ಸೇರಿಸಿದ್ದಾಳೆ: ಸೀಟು ಸಿಗದವರಿಗೆ ಎಷ್ಟು ಹಣ ವಾಪಸು ಕೊಡುತ್ತೀರಿ?